ಅಮ್ಮನ ಶಾಲು, ನನ್ನ ಕೊರಳು

ಅಮ್ಮಾ,

ಇವತ್ತು ಕುಯೆಂಕಾ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನ ರಕ್ತಪರೀಕ್ಷೆಯ ವರದಿ ಓದಿದರು. ಕ್ಯಾನ್ಸರ್ ಹಿಡಿದ ಕೊರಳಿನ ಥೈರಾಯ್ಡ್ ಗ್ರಂಥಿ ತೆಗೆಸಿ ಎರಡು ವರ್ಷವಾಯಿತು. ಅದರ ವಿರುದ್ಧ ನನ್ನ ಮೈ ಹುಟ್ಟಿಸಿದ ಪ್ರತಿಕಾಯಗಳ ಲೆಕ್ಕ ಆಗ ನಾನೂರಿತ್ತು, ಈಗ ಹನ್ನೆರಡು. ಸ್ಕ್ಯಾನಿನಲ್ಲೂ ಏನೂ ಇಲ್ಲ. "ಕಾದಾಡೋಕೆ ಒಳಗೆ ಶತ್ರು ಯಾರೂ ಉಳಿದ ಹಾಗಿಲ್ಲ, ಸೆನ್ಯೋರಾ," ಎಂದರು.

ಬರುವಾಗ ಸಂತೆಯಲ್ಲಿ ಆಲೂಗಡ್ಡೆ ಮಾರುವ ಸೋಯ್ಲಾ ಅತ್ತೆ ನನ್ನ ಕೊರಳಿನ ಹೊಲಿಗೆಯ ಗೆರೆ ನೋಡಿದಳು.

"ಮುಚ್ಕೊಳ್ಳೇ ಡೆಲ್ಫೀನಾ. ನಿಮ್ಮಮ್ಮನ ಥರಾನೇ ನಿಂಗೂ ಉಪ್ಪು ಸಾಲ್ದೇ ಬಂದಿದ್ದು."

"ಉಪ್ಪಲ್ಲ ಅತ್ತೆ, ಕ್ಯಾನ್ಸರ್. ಅಮ್ಮಂದೂ ಅದೇ. ನೋಡೋಕಾಗ್ದಿದ್ರೆ ನೀನೇ ಕಣ್ಣು ಮುಚ್ಕೋ," ಎಂದೆ, ಇಡೀ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ.

ನಮ್ಮ ಬೆಟ್ಟಗಳಲ್ಲಿ ಕೊರಳು ಉಬ್ಬಿದವರಿಗೆಲ್ಲ ಅಯೋಡಿನ್ ಉಪ್ಪೇ ಮದ್ದು. ನಿನ್ನದು ಕ್ಯಾನ್ಸರ್ ಎಂದು ತಿಳಿಯದೆ, ನೀನು ತೀರಿಕೊಳ್ಳುವ ದಿನದವರೆಗೂ ನಿನ್ನ ಸೂಪಿಗೆ ಒಂದು ಚಿಟಿಕೆ ಹೆಚ್ಚು ಹಾಕಿದವಳು ನಾನು. ಚರ್ಚಿಗೆ ಹೊರಟಾಗ ಕೊರಳಿನ ಗಂಟು ಕಾಣದಂತೆ ನಿನ್ನ ಶಾಲಿಗೆ ಪಿನ್ನು ಚುಚ್ಚುತ್ತಿದ್ದವಳೂ ನಾನೇ.

ಆ ಶಾಲು ಒಗೆದಿಟ್ಟಿದ್ದೇನೆ. ಭಾನುವಾರ ಅದನ್ನು ಭುಜದ ಮೇಲಷ್ಟೇ ಹೊದ್ದು ಚರ್ಚಿಗೆ ಹೋಗುತ್ತೇನೆ. ನೀನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ನಾನು ಮೊದಲನೆಯದರಲ್ಲಿ ಕೂರುತ್ತೇನೆ, ಪಿನ್ನಿಲ್ಲದೆ.