ಮೆತ್ತಗೆ ಮಾತಾಡಿದರೆ ನಾನಲ್ಲವಂತೆ

ಆಸ್ಪತ್ರೆಯ ಟೆಲಿಫೋನ್ ವಿಭಾಗದ ಮೇಲಧಿಕಾರಿಗಳಿಗೆ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮರ ಕೊಯ್ಯುವ ಮಿಲ್ಲಿಗೆ ಸೇರಿದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ದನಿಯಿಂದ ಗುರುತು ಹಿಡಿಯುವ ನಿಮ್ಮ ಯಂತ್ರ, ಫೋನಿನಲ್ಲೇ ಔಷಧಿ ತರಿಸಲು ಹೆಸರು ಬರೆಸಿದ ದಿನ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿತು. ತಲೆಕೆಟ್ಟು ಗರಗಸದ ಮುಂದೆ ಕಿರುಚುವ ಹಾಗೆ ಕಿರುಚಿದೆ. ಅದನ್ನೇ ನನ್ನ ದನಿ ಎಂದು ಇಟ್ಟುಕೊಂಡಿದೆ.

ಈಗ ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಇರುವುದು ಒಂದೇ ಕೋಣೆ, ತಂತಿಯ ಫೋನು ಅವಳ ತಲೆದೆಸೆಯಲ್ಲೇ ಇದೆ. ಸದ್ದಾದರೆ ಅವಳ ತಲೆ ಸಿಡಿಯುತ್ತದೆ. ಅವಳ ನೋವಿನ ಔಷಧಿ ತರಿಸಲು ಮೆತ್ತಗೆ ಮಾತಾಡಿದರೆ ಯಂತ್ರ, "ಈ ದನಿ ನಿಮ್ಮದಲ್ಲ" ಎಂದು ಫೋನ್ ಇಡುತ್ತದೆ.

ನಿನ್ನೆ ಅವಳೇ, "ಒಂದ್ಸಲ ಕಿರುಚಿಬಿಡಿ, ಇಷ್ಟು ವರ್ಷ ನಾನು ಕೇಳಿಲ್ವಾ" ಅಂದಳು. ಕಿರುಚಿದೆ. ಔಷಧಿ ಬಂತು. ಅವಳು ಕಿವಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಸಂಜೆವರೆಗೂ ದಿಂಬಿನಿಂದ ತಲೆ ಎತ್ತಲಿಲ್ಲ.

ಇನ್ನು ನಾನು ಕಿರುಚುವುದಿಲ್ಲ. ಈ ಸೀಸೆ ಮುಗಿಯುವ ಮುಂಚೆ ಯಾರನ್ನಾದರೂ ಕಳಿಸಿ, ನನ್ನ ಮೆಲುದನಿಯನ್ನು ನಿಮ್ಮ ಯಂತ್ರಕ್ಕೆ ಕಲಿಸಿ. ಬಂದವರು ಬಾಗಿಲು ಬಡಿಯಬಾರದು. ನಾನು ಹೊಸ್ತಿಲಲ್ಲೇ ಕೂತಿರುತ್ತೇನೆ.

ಇಂತಿ,
ಮರದ ಮಿಲ್ಲಿನ ಮುದುಕ