ಶಾಂಭವಿಯ ಎದೆಯ ರಿಪೋರ್ಟು

ರಾಣೆಬೆನ್ನೂರು
೨೧೯೬ರ ಹದಿಮೂರನೇ ತಿಂಗಳು, ನಾಲ್ಕನೇ ತಾರೀಖು

ನಮ್ಮ ವಂಶದ ಹಿರಿಯಳಾದ ಶಾಂಭವಿಗೆ,

ಹದಿಮೂರನೇ ತಿಂಗಳು ಎಂದು ಓದಿ ನಗಬೇಡ. ನಮ್ಮ ವರ್ಷಕ್ಕೆ ಅಷ್ಟಿವೆ; ಹಿಂದೆ ಬದುಕಿದವರಿಗೆ ಪತ್ರ ಮುಟ್ಟಿಸುವ ಅಂಚೆಯೂ ಇದೆ. ನನ್ನ ಮಾತು ಒರಟಾಗಿ, ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಾನು ಇಳಾ, ನಿನ್ನ ಮಗಳು ಕಸ್ತೂರಿಯ ಮರಿಮೊಮ್ಮಗಳ ಮಗಳು. ಹೇಸಿಗೆಪಟ್ಟುಕೊಂಡೇ ಬರೆಯುತ್ತಿದ್ದೇನೆ. ಆ ಹೇಸಿಗೆ ನಿನ್ನ ಮೇಲಲ್ಲ.

ನಿನ್ನೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಎಡಮೊಲೆಯಲ್ಲಿ ಗಂಟು, ಮುಟ್ಟಿಗೆ ಮುಂಚೆ ನೋವು. ನಮ್ಮಲ್ಲಿ ಮರುಹೇಳಿಕೆ ಎಂಬ ಪದ್ಧತಿಯಿದೆ: ಡಾಕ್ಟರು ರಿಪೋರ್ಟನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾರೆ, ನಾವು ಅದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಸರಿಯಾಗಿ ಹೇಳುವ ತನಕ ಕುರ್ಚಿ ಬಿಡುವಂತಿಲ್ಲ. ನಾನು ಎರಡು ಸಲ ತಪ್ಪಿದೆ. ಮೂರನೇ ಸಲ ಹೇಳಿದೆ: ತಿಂಗಳ ಏರಿಳಿತಕ್ಕೆ ಮೊಲೆ ಗಂಟುಗಂಟಾಗಿದೆ, ಒಳಗೆ ನೀರು ತುಂಬಿದ ಸಣ್ಣ ಚೀಲಗಳಿವೆ, ಇದು ಕ್ಯಾನ್ಸರ್ ಅಲ್ಲ, ಹೊಸ ಗಂಟು ಕಂಡರೆ, ಚರ್ಮ ಒಳಕ್ಕೆ ಎಳೆದರೆ, ತೊಟ್ಟಿನಿಂದ ರಕ್ತ ಬಂದರೆ ಮತ್ತೆ ಬರಬೇಕು. ಹಿಂದಿನ ಬೆಂಚಿನಲ್ಲಿ ಗಂಡಸರೂ ಇದ್ದರು; ಯಾರೂ ತಲೆ ತಗ್ಗಿಸಲಿಲ್ಲ. ಮನೆಗೆ ಬಂದು ಮಿರ್ಚಿ ಕರಿದು ತಿಂದೆ.

ನಿನ್ನ ಮನೆಯಲ್ಲಿ ಏನಾಯಿತು? ನಿನ್ನ ಎದೆಯ ಗಂಟಿನ ರಿಪೋರ್ಟು ನಿನ್ನ ಕೈಗೇ ಬರಲಿಲ್ಲ. ಹೆಂಗಸರ ಕಾಗದ ಗಂಡಸರ ಕೈಗೆ ಹೋಗುವುದೇ ಮನೆತನದ ಮರ್ಯಾದೆಯಂತೆ! ನಿನ್ನ ಗಂಡ ಗುರುಪಾದ ಅದನ್ನು ಪಡಸಾಲೆಯಲ್ಲಿ ಬಿಚ್ಚಿದ. ಮೊಲೆ ಎಂಬ ಮಾತನ್ನು ಅಪ್ಪನ ಮುಂದೆ ಓದಲು ನಾಚಿ, ಮೊದಲ ಸಾಲಿಗೇ ಮಡಚಿಟ್ಟ. "ಗಡ್ಡಿ ಐತಂತ," ಅಂದ. ಅಷ್ಟೇ. ನಿನ್ನ ಅತ್ತೆ ನೀಲವ್ವ, "ಅಯ್ಯ ಶಿವನ, ಆ ವಿಷದ ಹಾಲು ಕೂಸಿಗೆ ಬ್ಯಾಡ. ಡಬ್ಬಿ ಹಾಲು ತರ್ರಿ," ಅಂದಳು. ಮೂರು ತಿಂಗಳ ಕೂಸು ಕಸ್ತೂರಿಯನ್ನು ನಿನ್ನಿಂದ ಕಿತ್ತು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಊರವರೆಲ್ಲ ಇದನ್ನೇ ಜಾಣತನವೆಂದು ಹೇಳಿಕೊಂಡು ತಿರುಗಿದರು. ಥೂ! ಕೂಸು ಹುಟ್ಟಿಸಲು ನಾಚಿಕೆಯಿಲ್ಲ, ಅದು ಉಣ್ಣುವ ಜಾಗದ ಹೆಸರೆತ್ತಲು ನಾಚಿಕೆ.

ನೀನು ತೀರಿಕೊಂಡ ಮೇಲೆ ಆ ಕಾಗದ ಕಸ್ತೂರಿಗೆ ಸಿಕ್ಕಿತು. ಎಂಬತ್ತನೇ ವಯಸ್ಸಿನಲ್ಲಿ ಅವಳು ಉಳಿಸಿಟ್ಟ ದನಿ ನಮ್ಮ ಮನೆಯಲ್ಲಿದೆ. "ಹಾಲು ಬಿಡಿಸಿದ್ದಕ್ಕ ನಮ್ಮವ್ವಗ ನಾ ಬ್ಯಾಡಾಗಿದ್ದೆ ಅಂತ ತಿಳಕೊಂಡು, ಅಕಿ ಕೂಡ ನಲವತ್ತು ವರ್ಷ ನೆಟ್ಟಗ ಮಾತಾಡಲಿಲ್ಲ," ಅನ್ನುತ್ತಾಳೆ. ಆಮೇಲೆ ಬಹಳ ಹೊತ್ತು ಅಳುತ್ತಾಳೆ.

ಆ ಕಾಗದದಲ್ಲಿ ಇದ್ದದ್ದು ಇಷ್ಟು: ಇದು ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆ. ಕ್ಯಾನ್ಸರ್ ಅಲ್ಲ. ಮಗುವಿಗೆ ಹಾಲು ಕುಡಿಸಬಹುದು. ಆರು ತಿಂಗಳ ನಂತರ ಮತ್ತೆ ತೋರಿಸಿ.

ಈ ಪತ್ರ ಮುಟ್ಟುವ ಹೊತ್ತಿಗೆ ಕೂಸನ್ನು ಬಿಡಿಸಿ ಎರಡನೇ ದಿನ. ನಿನ್ನ ಎದೆಯಲ್ಲಿ ಹಾಲು ಕಟ್ಟಿಕೊಂಡು ಕುಪ್ಪಸ ನೆನೆಯುತ್ತಿದೆ. ಯಾರ ಅಪ್ಪಣೆಯನ್ನೂ ಕೇಳಬೇಡ. ಬಾಗಿಲು ತಳ್ಳು, ಕಸ್ತೂರಿಯನ್ನು ಎತ್ತಿಕೋ, ಪಡಸಾಲೆಯಲ್ಲೇ ಕೂತು ಕುಡಿಸು. ಅವರಿಗೆ ನಾಚಿಕೆಯಾದರೆ ಎದ್ದು ಹೊರಗೆ ಹೋಗಲಿ.

ಇಳಾ