ಹದಿಮೂರು ದಿನ ಅಳಿಯ ಎಲ್ಲಿ ಮಲಗಿದ್ದ

ಸುಮಾಳ ಅಪ್ಪನವರಿಗೆ ನಮಸ್ಕಾರ.

ಇವತ್ತು ಏಕಾದಶಿ. ಬೆಳಿಗ್ಗೆ ಸ್ನಾನ ಮಾಡಿ, ಕಿಟಕಿಯ ಹತ್ತಿರದ ತುಳಸಿಗೆ ನೀರು ಹಾಕಿ, ಮಗಳ ಡಬ್ಬಿಗೆ ಚಪಾತಿ ಪಲ್ಯ ಕಟ್ಟಿಕೊಟ್ಟೆ. ಅವಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೊರಟುಹೋದಳು. ನನಗೆ ಒಂದು ಲೋಟ ಹಾಲು ಸಾಕು. ಮೈ ಸೋತಿದೆ, ಆದರೆ ಉಪವಾಸದಿಂದಲ್ಲ. ಒಂದು ಉತ್ತರ ಬರೆದುಕೊಡಬೇಕಾಗಿದೆ. ನೀವಿದ್ದಿದ್ದರೆ ಕೇಳಿಯೇ ಬರೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ನೀವು ದಿನವೂ ಅಳಿಯನ ದಾರಿ ಕಾಯುತ್ತಾ ಕೇಳುತ್ತಿದ್ದಿರಿ, "ರಘು ಯಾವಾಗ ಬರ್ತಾನಮ್ಮ?" "ಡಬ್ಲಿನ್ ಪ್ರಾಜೆಕ್ಟು ಮುಗೀಲಿ ಅಪ್ಪ" ಎನ್ನುತ್ತಿದ್ದಳು ಸುಮಾ. ನಾನೂ ಅದನ್ನೇ ನಂಬಿದ್ದೆ. ಪ್ರಾಜೆಕ್ಟು ಅಲ್ಲ, ಅವರಿಬ್ಬರ ಸಂಸಾರವೇ ಮುಗಿದುಹೋಗಿತ್ತು. ನಾವು ಈ ದೇಶಕ್ಕೆ ಬರುವ ಮೊದಲೇ ಬೇರೆಯಾಗಿದ್ದರಂತೆ. ಜಗಳವಿಲ್ಲ, ಹೊಡೆತವಿಲ್ಲ. ಇಬ್ಬರಿಗೂ ಬೇಡವಾಯಿತಂತೆ. ಬೇಡವಾಗುವುದು ಅಂದರೆ ಏನು, ನನಗಿನ್ನೂ ಅರ್ಥವಾಗಿಲ್ಲ. ನಿಮಗೆ ಗೊತ್ತಿತ್ತೇ? ಕೊನೆಯ ವಾರ ಅವಳ ಕೈ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಿರಲ್ಲ, ಅದು...

ಮೊನ್ನೆ ಭಾನುವಾರ ಸುಮಾ ಎಲ್ಲವನ್ನೂ ಹೇಳಿದಳು. ರಘು ಅಲ್ಲಿಯ ಹುಡುಗಿಯನ್ನು ಮದುವೆಯಾಗುತ್ತಾನಂತೆ. "ಇಲ್ಲಿನ ಕೋರ್ಟಲ್ಲೇ ಬಿಡಿಸ್ಕೊಳ್ಳೋಕಾಗಲ್ವೇನೆ?" ಎಂದೆ. "ಇಲ್ಲಿ ಕೊಟ್ಟ ಡೈವೋರ್ಸನ್ನ ಐರ್ಲೆಂಡ್‌ನಲ್ಲಿ ಒಪ್ತಾರೋ ಇಲ್ವೋ ಗ್ಯಾರಂಟಿ ಇಲ್ಲಮ್ಮ. ಅಲ್ಲೀದೇ ಆಗ್ಬೇಕು ಅಂತ ಲಾಯರ್ರು ಹೇಳಿದಾನೆ" ಎಂದಳು. ಆ ದೇಶದಲ್ಲಿ ಈಚಿನವರೆಗೂ ಡೈವೋರ್ಸೇ ಇರಲಿಲ್ಲವಂತೆ. ಹಾಕಿದ ಗಂಟು ಹಾಕಿದ್ದೇ. ಕೊನೆಗೆ ಜನರೆಲ್ಲ ವೋಟು ಹಾಕಿ, ಕೂದಲೆಳೆಯಷ್ಟು ಅಂತರದಲ್ಲಿ ಬೇಕು ಅಂದವರು ಗೆದ್ದರಂತೆ. ನಮ್ಮಂಥ ಅಮ್ಮಂದಿರು ಅಲ್ಲಿಯೂ ಬೇಡ ಅಂದಿರಬೇಕು. ಪಾಪ, ಅವರ ದೇವರಿಗೂ ದಣಿವಾಗಿರಬೇಕು.

"ಅಷ್ಟು ಕಷ್ಟಪಟ್ಟು ತಂದ ಕಾನೂನು, ಸುಲಭಕ್ಕೆ ಕೊಡ್ತಾರಾ?" ಎಂದು ಕೇಳಿದ್ದಕ್ಕೆ ಸುಮಾ ನಕ್ಕಳು. "ನೀನೇ ಜಡ್ಜಮ್ಮ ಆಗ್ಬೇಕಿತ್ತು ಕಣಮ್ಮ. ಹಿಂದಿನ ಐದು ವರ್ಷದಲ್ಲಿ ನಾಲ್ಕು ವರ್ಷ ಬೇರೆ ಬೇರೆ ಬಾಳಿರ್ಬೇಕು, ಮತ್ತೆ ಒಂದಾಗೋ ದಾರಿ ಇರ್ಬಾರದು, ಹೆಂಡತಿಗೆ ಏನು ಸಲ್ಲಬೇಕೋ ಅದನ್ನ ಜಡ್ಜೇ ನೋಡ್ಬೇಕು." ತೊಡಕು ಬಂದಿರುವುದು ನಿಮ್ಮಿಂದ. ಆ ನಾಲ್ಕು ವರ್ಷದ ನಡುವೆಯೇ ನೀವು ತೀರಿಕೊಂಡಾಗ ರಘು ಬಂದು ಹದಿಮೂರು ದಿನ ಇದೇ ಮನೆಯಲ್ಲಿದ್ದನಲ್ಲ. ಆಗ ಇಬ್ಬರೂ ಗಂಡ ಹೆಂಡತಿಯಾಗಿ ಬಾಳಿದರೋ ಇಲ್ಲವೋ? ಕಾನೂನು ಹೊಸದು, ಯಾವ ಜಡ್ಜು ಏನು ಕೇಳುತ್ತಾರೋ ಎಂದು ಲಾಯರಿಗೆ ಅಂಜಿಕೆ. ಮನೆಯಲ್ಲಿದ್ದ ಹಿರಿಯರೊಬ್ಬರು ಬರೆದುಕೊಡಬೇಕಂತೆ. ಆ ಹಿರಿಯಳು ನಾನು.

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. 'ಆಗ ಒಂದಾಗಿದ್ದರು, ಆಮೇಲೆ ಅವನು ಕೆಲಸಕ್ಕೆಂದು ಹೋದ' ಎಂದು ಬರೆದರೆ ಸಾಕು, ಅವರ ಲೆಕ್ಕ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಆ ಹುಡುಗಿಗೆ ಬೇಸರ ಬರಬಹುದು, ಇವರಿಗೆ ಬುದ್ಧಿ ಬರಬಹುದು. ಒಬ್ಬಳೇ ಮಗಳು. ತಾಯಿ ಇಷ್ಟೂ ಆಸೆಪಡಬಾರದೇ?

ಆದರೆ ಆ ದಿನಗಳು ಕಣ್ಣ ಮುಂದೆ ಬಂದುಬಿಟ್ಟವು. ನಮಗೆ ಗಂಡುಮಕ್ಕಳಿಲ್ಲ ಎಂದು ಅವನೇ ಮುಂದೆ ಬಂದು, "ಅತ್ತೆ, ಮಾವನ ಕರ್ಮ ನಾನು ಮಾಡ್ತೀನಿ" ಎಂದ. ಗ್ಯಾರೇಜಿನಲ್ಲಿ ಪುರೋಹಿತರನ್ನು ಕೂರಿಸಿದೆವು. ಒಪ್ಪೊತ್ತು ಊಟ. ಕ್ಷೌರವಿಲ್ಲ. ರಾತ್ರಿ ಆ ತಣ್ಣನೆಯ ಸಿಮೆಂಟಿನ ಮೇಲೆ ಚಾಪೆ. ಸುಮಾ ನೀರಿನ ಚೊಂಬನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. "ಕಾರ್ಪೆಟ್ ಮೇಲಾದ್ರೂ ಮಲಕೊಳ್ಳಪ್ಪ" ಎಂದರೆ, "ಬೇಡ ಅತ್ತೆ, ಮಾವ ನೋಡ್ತಿರ್ತಾರೆ" ಎಂದ. ಕರ್ಮಕ್ಕೆ ಕೂತವನು ಅಷ್ಟು ದಿನ ಹೆಂಡತಿಯ ಹತ್ತಿರ ಸುಳಿಯಬಾರದು ಎಂಬುದು ನಮ್ಮೂರಿನ ಮಗುವಿಗೂ ಗೊತ್ತು. ಡಬ್ಲಿನ್ನಿನ ಲಾಯರಿಗೆ ಹೇಗೆ ಗೊತ್ತಿರಬೇಕು?

ಈಗ ಹೇಳಿ. ಅವರು ಗಂಡ ಹೆಂಡತಿಯಾಗಿದ್ದರು ಎಂದು ಬರೆದರೆ, ಅವನು ನೇಮ ಮುರಿದ, ನಿಮಗೆ ಬಿಟ್ಟ ನೀರು ನಿಮಗೆ ತಲುಪಲಿಲ್ಲ ಎಂದು ನನ್ನ ಕೈಯಾರೆ ಬರೆದಂತಲ್ಲವೇ? ಮಗಳ ಮದುವೆ ಉಳಿಸಲು ಹೋಗಿ ನಿಮ್ಮನ್ನು ದಾರಿಯಲ್ಲಿ ನಿಲ್ಲಿಸಲೇ? ಅಷ್ಟು ಶುದ್ಧವಾಗಿ ನಡೆದುಕೊಂಡವನ ಮೇಲೆ ಸುಳ್ಳು ಹೊರಿಸಲೇ? ನನ್ನಿಂದಾಗಲಿಲ್ಲ.

ಬರೆದುಬಿಟ್ಟೆ. ಕನ್ನಡದಲ್ಲೇ ಬರೆದೆ, ಸುಮಾ ಇಂಗ್ಲಿಷು ಮಾಡಿಕೊಳ್ಳಲಿ. 'ನನ್ನ ಯಜಮಾನರ ಕರ್ಮ ಅಳಿಯ ನೇಮ ತಪ್ಪದೆ ಮಾಡಿದ. ಹದಿಮೂರು ದಿನವೂ ನೆಲದ ಮೇಲೆ ಒಬ್ಬನೇ ಮಲಗಿದ. ಮಗಳು ಒಳಗಿದ್ದಳು. ಇದು ದೇವರಾಣೆಗೂ ನಿಜ.' ಆದರೆ ಮುಂದಿನ ನಿಮ್ಮ ತಿಥಿ ಯಾರು ಮಾಡುತ್ತಾರೆ? ಡೈವೋರ್ಸಾದವನು ಮಾವನಿಗೆ ಎಳ್ಳುನೀರು ಬಿಡಬಹುದೇ? ಇದಕ್ಕೆ ಅವರ ಕಾನೂನಿನಲ್ಲೂ ಉತ್ತರ ಇರಲಾರದು, ನಮ್ಮ ಶಾಸ್ತ್ರದಲ್ಲೂ... ಯಾರೂ ಇಲ್ಲದಿದ್ದರೆ ನಾನೇ ಅಕ್ಕಿ ಬಾಳೆಕಾಯಿ ದಾನ ಕೊಡುತ್ತೇನೆ. ನಿಮ್ಮನ್ನು ಹಸಿದಿರಲು ಬಿಡುವುದಿಲ್ಲ.

ಈಗಷ್ಟೇ ಲ್ಯಾಬಿಗೆ ಫೋನು ಮಾಡಿದೆ. "ಸುಮಾ, ಉತ್ತರ ಬರೆದಾಯ್ತು. ಬಂದು ತಗೊಂಡು ಹೋಗಿ ಫ್ಯಾಕ್ಸ್ ಮಾಡು."

"ಸಂಜೆ ಬರ್ತೀನಲ್ಲಮ್ಮ, ಈಗ ಮೀಟಿಂಗು."

"ಈಗಲೇ ಬಾ ಮಗಳೇ. ಸಂಜೆಯವರೆಗೆ ನಾನು ಇದನ್ನ ಹರಿದು ಹಾಕದೆ ಇರ್ತೀನಿ ಅಂತ ಹೇಳಕ್ಕಾಗಲ್ಲ."